ಶಾಲೆಯ ಬಾಗಿಲು ತಟ್ಟಿದ ಹುಡುಗ: ರಯಾನ್ ವೈಟ್

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಅವರ ಮನಸ್ಸಿನಲ್ಲಿ ಬಹುಶಃ ಒಬ್ಬ ವಿಜ್ಞಾನಿಯೋ ಸ್ವಾತಂತ್ರ್ಯ ಹೋರಾಟಗಾರರೋ ಇದ್ದಿರಬೇಕು. ಈ ಶಾಲೆಯಲ್ಲಿ ಹಲವು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು ಆರಿಸಿಕೊಂಡದ್ದು ಹೈಸ್ಕೂಲು ಮುಗಿಸುವ ಮುನ್ನವೇ, 18ನೆಯ ವಯಸ್ಸಿನಲ್ಲಿ ತೀರಿಕೊಂಡ ಒಬ್ಬ ಅಮೆರಿಕದ ಹುಡುಗನನ್ನು. ಹೆಸರು ರಯಾನ್ ವೈಟ್. ಅವನು ಯಾವ ಆವಿಷ್ಕಾರವನ್ನೂ ಮಾಡಲಿಲ್ಲ, ಯಾವ ಪದವಿಯನ್ನೂ ಪಡೆಯಲಿಲ್ಲ. ಅವನು ಕೇಳಿದ್ದು ಒಂದೇ: ಎಲ್ಲ ಮಕ್ಕಳಂತೆ ತಾನೂ ಶಾಲೆಗೆ ಹೋಗಬೇಕು ಎಂದು. ಅದಕ್ಕಾಗಿ ಅವನು ಪಟ್ಟ ಪಾಡು ಒಂದು ದೇಶದ ಕಾನೂನನ್ನೇ ಬದಲಿಸಿತು. ಒಂದು ಶಾಲೆಯ ಸಂಭ್ರಮದ ಪುಸ್ತಕದಲ್ಲಿ ಅವನಿಗೊಂದು ಜಾಗ ಸಲ್ಲಬೇಕೆಂದು ನನಗೆ ತೋರಿತು.

ರಯಾನ್ ಹುಟ್ಟಿದ್ದು 1971ರ ಡಿಸೆಂಬರ್ 6ರಂದು, ಇಂಡಿಯಾನಾ ರಾಜ್ಯದ ಕೊಕೊಮೊ ಎಂಬ ಊರಿನಲ್ಲಿ. ಮೋಟಾರು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಗಳಿಂದ ಜೀವನ ಸಾಗಿಸುವ ಊರು ಅದು. ಅವನ ತಾಯಿ ಜೀನ್ ಕೂಡ ಅಂಥದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿಗೆ ಹಿಮೋಫಿಲಿಯಾ ಇದೆಯೆಂದು ಗೊತ್ತಾಯಿತು. ಕನ್ನಡದಲ್ಲಿ ಇದನ್ನು ಕುಸುಮರೋಗ ಎನ್ನುತ್ತೇವೆ. ಗಾಯವಾದಾಗ ನಮ್ಮ ರಕ್ತ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಬೇಕಾದ ಅಂಶಗಳಲ್ಲಿ ಒಂದು, ಎಂಟನೆಯ ಅಂಶ, ಈ ಮಕ್ಕಳ ರಕ್ತದಲ್ಲಿ ಇರುವುದಿಲ್ಲ ಅಥವಾ ತೀರಾ ಕಡಿಮೆ ಇರುತ್ತದೆ. ಬಿದ್ದರೆ, ತಾಗಿದರೆ, ಒಮ್ಮೊಮ್ಮೆ ಏನೂ ಆಗದೆಯೂ ಕೀಲುಗಳ ಒಳಗೆ ರಕ್ತ ಸೋರುತ್ತದೆ. ಈ ದೋಷ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ ಸಾಮಾನ್ಯವಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಹತ್ತನೆಯ ತರಗತಿಯಲ್ಲಿ ಅನುವಂಶೀಯತೆ ಓದಿದವರಿಗೆಲ್ಲ ಇದು ನೆನಪಿರಬಹುದು.

ರಯಾನ್ ಹುಟ್ಟುವ ಹೊತ್ತಿಗೆ ಇದಕ್ಕೊಂದು ಒಳ್ಳೆಯ ಔಷಧ ಬಂದಿತ್ತು. ಸಾವಿರಾರು ದಾನಿಗಳ ರಕ್ತದ ಪ್ಲಾಸ್ಮಾವನ್ನು ಒಟ್ಟುಗೂಡಿಸಿ, ಅದರಿಂದ ಎಂಟನೆಯ ಅಂಶವನ್ನು ಬೇರ್ಪಡಿಸಿ, ಪುಡಿಯ ರೂಪದಲ್ಲಿ ಸೀಸೆಗೆ ತುಂಬಿಸಿ ಮಾರುತ್ತಿದ್ದರು. ವಾರಕ್ಕೊಮ್ಮೆ ಚುಚ್ಚುಮದ್ದು ತೆಗೆದುಕೊಂಡರೆ ಹುಡುಗ ಹೆಚ್ಚುಕಡಿಮೆ ಎಲ್ಲರಂತೆ ಓಡಾಡಬಹುದಿತ್ತು. ಆದರೆ ಆ ಸಾವಿರಾರು ದಾನಿಗಳಲ್ಲಿ ಒಬ್ಬರ ರಕ್ತದಲ್ಲಿ ಸೋಂಕು ಇದ್ದರೂ ಅದು ಔಷಧದ ಇಡೀ ತಂಡಕ್ಕೆ ಹರಡುತ್ತಿತ್ತು. ಯಾರ ಕಣ್ಣಿಗೂ ಕಾಣದೆ ಹಾಗೆ ಹರಡಿದ್ದು ಆಗಿನ್ನೂ ಹೆಸರೇ ಇಲ್ಲದಿದ್ದ ಒಂದು ವೈರಸ್.

1981ರ ಜೂನ್ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದದ್ದನ್ನು ಅಮೆರಿಕದ ರೋಗನಿಯಂತ್ರಣ ಕೇಂದ್ರ ಮೊದಲು ವರದಿ ಮಾಡಿತು. ಮರುವರ್ಷವೇ ಹಿಮೋಫಿಲಿಯಾ ಇದ್ದ ಮೂವರಲ್ಲಿ ಅದೇ ಕಾಯಿಲೆ ಕಂಡಿತು. ರಕ್ತದ ಮೂಲಕವೂ ಇದು ಹರಡಬಹುದೆಂಬ ಸುಳಿವು ಆಗಲೇ ಸಿಕ್ಕಿತ್ತು. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನಿಯೆ ಅವರ ತಂಡ ವೈರಸ್ಸನ್ನು ಗುರುತಿಸಿತು. ದಾನಿಗಳ ರಕ್ತವನ್ನು ಪರೀಕ್ಷಿಸುವ ವಿಧಾನಕ್ಕೆ ಅನುಮತಿ ಸಿಕ್ಕಿದ್ದು 1985ರ ಮಾರ್ಚ್‌ನಲ್ಲಿ. ರಯಾನನಿಗೆ ಆ ಹೊತ್ತಿಗೆ ತಡವಾಗಿತ್ತು.

1984ರ ಡಿಸೆಂಬರ್‌ನಲ್ಲಿ, 13 ತುಂಬಿದ ಕೆಲವೇ ದಿನಗಳಿಗೆ, ಅವನಿಗೆ ತೀವ್ರ ನ್ಯುಮೋನಿಯಾ ಆಯಿತು. 17ರಂದು ಶಸ್ತ್ರಚಿಕಿತ್ಸೆ ಮಾಡಿ ಶ್ವಾಸಕೋಶದ ಒಂದು ಭಾಗವನ್ನು ತೆಗೆದರು. ಪರೀಕ್ಷೆಯಲ್ಲಿ ಏಡ್ಸ್ ಎಂದು ತಿಳಿಯಿತು. ಇನ್ನು ಹೆಚ್ಚೆಂದರೆ ಆರು ತಿಂಗಳು ಎಂದು ವೈದ್ಯರು ತಾಯಿಗೆ ಹೇಳಿದರು. ಹುಡುಗ ಮಾತ್ರ ಆರು ತಿಂಗಳಿಗೆ ಸಾಯಲಿಲ್ಲ. ವಸಂತಕಾಲ ಬರುವ ವೇಳೆಗೆ ಸುಧಾರಿಸಿಕೊಂಡು, ಶಾಲೆಗೆ ಹೋಗುತ್ತೇನೆಂದು ಹಠ ಹಿಡಿದ.

ಅವನು ಓದುತ್ತಿದ್ದುದು ಪಕ್ಕದ ರಷ್ಯಾವಿಲ್ ಎಂಬ ಊರಿನ ವೆಸ್ಟರ್ನ್ ಮಾಧ್ಯಮಿಕ ಶಾಲೆಯಲ್ಲಿ. 1985ರ ಬೇಸಿಗೆಯಲ್ಲಿ ಮರುಪ್ರವೇಶದ ಕೋರಿಕೆಯನ್ನು ಶಾಲಾ ಆಡಳಿತ ತಿರಸ್ಕರಿಸಿತು. ಅವನನ್ನು ಸೇರಿಸಿಕೊಳ್ಳಬಾರದೆಂದು 117 ಪೋಷಕರೂ 50 ಶಿಕ್ಷಕರೂ ಮನವಿಗೆ ಸಹಿ ಹಾಕಿದ್ದರು. ಆ ಪೋಷಕರನ್ನು ಕೆಟ್ಟವರೆಂದು ತಳ್ಳಿಹಾಕುವುದು ಸುಲಭ. ಆದರೆ ಕಾಯಿಲೆ ಜಗತ್ತಿಗೆ ಗೊತ್ತಾಗಿ ಆಗ ನಾಲ್ಕೇ ವರ್ಷ ಕಳೆದಿತ್ತು, ಬಂದವರು ಬದುಕುತ್ತಿರಲಿಲ್ಲ, ಪತ್ರಿಕೆಗಳಲ್ಲಿ ದಿನಕ್ಕೊಂದು ಸುದ್ದಿ ಬರುತ್ತಿತ್ತು. ತಮ್ಮ ಮಕ್ಕಳ ಬಗ್ಗೆ ಅವರಿಗೆ ಭಯವಿತ್ತು. ಭಯ ಹುಟ್ಟುವುದು ತಪ್ಪಲ್ಲ. ರಾಜ್ಯದ ಆರೋಗ್ಯ ಇಲಾಖೆ ಈ ಹುಡುಗನಿಂದ ಇತರರಿಗೆ ಅಪಾಯವಿಲ್ಲವೆಂದು ತಿಳಿಸಿದ ಮೇಲೂ, ಆಗಸ್ಟ್‌ನಲ್ಲಿ ರೋಗನಿಯಂತ್ರಣ ಕೇಂದ್ರ ಇಂಥ ಬಹುಪಾಲು ಮಕ್ಕಳು ಶಾಲೆಗೆ ಹೋಗಬಹುದೆಂದು ಮಾರ್ಗಸೂಚಿ ಹೊರಡಿಸಿದ ಮೇಲೂ ಆ ಭಯವನ್ನು ಬಿಡದೆ ಸಾಕಿಕೊಂಡದ್ದೇ ತೊಂದರೆಗೆ ಕಾರಣವಾಯಿತು.

ಆಗಸ್ಟ್‌ನಲ್ಲಿ ಶಾಲೆ ಶುರುವಾದಾಗ ರಯಾನ್ ಮನೆಯಲ್ಲಿ ಕುಳಿತು ಟೆಲಿಫೋನಿನ ಮೂಲಕ ಪಾಠ ಕೇಳಬೇಕಾಯಿತು. ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ, ಕರಿಹಲಗೆ ಕಾಣುತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಕೇಳಿದ ನಮ್ಮ ಮಕ್ಕಳಿಗೆ ಆ ಕಷ್ಟ ಸ್ವಲ್ಪಮಟ್ಟಿಗೆ ಅರ್ಥವಾದೀತು. ಒಂದೇ ವ್ಯತ್ಯಾಸವೆಂದರೆ, ನಮ್ಮಲ್ಲಿ ಎಲ್ಲರೂ ಮನೆಯಲ್ಲಿದ್ದರು. ಅಲ್ಲಿ ಅವನೊಬ್ಬನೇ ಮನೆಯಲ್ಲಿದ್ದ.

ತಿಂಗಳುಗಟ್ಟಲೆ ವಿಚಾರಣೆ, ಮೇಲ್ಮನವಿಗಳಾದ ಮೇಲೆ 1986ರ ಫೆಬ್ರವರಿ 21ರಂದು ಅವನು ತರಗತಿಗೆ ಹೋದ. ಆ ದಿನ ಶಾಲೆಯ 360 ಮಕ್ಕಳ ಪೈಕಿ 151 ಮಕ್ಕಳು ಬರಲಿಲ್ಲ. ಅದೇ ದಿನ ಮಧ್ಯಾಹ್ನ ನ್ಯಾಯಾಲಯದಿಂದ ತಡೆಯಾಜ್ಞೆ ಬಂತು. ಏಪ್ರಿಲ್ 10ರಂದು ತಡೆಯಾಜ್ಞೆ ತೆರವಾಗಿ ಅವನು ಮತ್ತೆ ಶಾಲೆಗೆ ಹೋದಾಗ, ಕೆಲವು ಪೋಷಕರು ತಮ್ಮ ಮಕ್ಕಳಿಗಾಗಿ ಬೇರೆಯೇ ಶಾಲೆಯೊಂದನ್ನು ತೆರೆದರು. ರಯಾನ್ ಬಿಸಾಡುವ ತಟ್ಟೆ ಚಮಚದಲ್ಲಿ ಊಟ ಮಾಡಬೇಕಿತ್ತು, ಬೇರೆ ಶೌಚಾಲಯ ಬಳಸಬೇಕಿತ್ತು, ಆಟದ ಪೀರಿಯಡ್ಡಿಗೆ ಹೋಗುವಂತಿರಲಿಲ್ಲ. ಇವು ಯಾವುವೂ ವೈದ್ಯಕೀಯವಾಗಿ ಅಗತ್ಯವಿರಲಿಲ್ಲ. ಉಳಿದವರಿಗೆ ಸಮಾಧಾನವಾಗಲಿ ಎಂದು ಅವನ ಮನೆಯವರು ಒಪ್ಪಿಕೊಂಡಿದ್ದರು.

ಬೇರೆ ತಟ್ಟೆ, ಬೇರೆ ಲೋಟ, ದೂರ ಕೂರಿಸುವುದು: ಇದನ್ನು ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಜಾತಿಯ ಹೆಸರಿನಲ್ಲಿ ನಾವು ಶತಮಾನಗಳ ಕಾಲ ಮಾಡಿದ್ದನ್ನೇ ಅಲ್ಲಿ ಕಾಯಿಲೆಯ ಹೆಸರಿನಲ್ಲಿ ಮಾಡಿದರು.

ಶಾಲೆಯ ಹೊರಗೂ ಪಾಡು ತಪ್ಪಲಿಲ್ಲ. ರಯಾನ್ ಮನೆಮನೆಗೆ ಪತ್ರಿಕೆ ಹಾಕುತ್ತಿದ್ದ. ಕಾಗದದಿಂದಲೂ ಕಾಯಿಲೆ ಅಂಟುತ್ತದೆಂದು ಅನೇಕರು ಪತ್ರಿಕೆ ನಿಲ್ಲಿಸಿದರು. ಚರ್ಚಿನಲ್ಲಿ ಜನ ಅವನ ಕೈ ಕುಲುಕಲು ಹಿಂಜರಿದರು. ಅವನ ಪರವಾಗಿ ಬರೆದ ಊರಿನ ಪತ್ರಿಕೆಗೆ ಬೆದರಿಕೆಗಳು ಬಂದವು. ಕೊನೆಗೆ ಅವರ ಮನೆಯ ಕಿಟಕಿಯ ಮೂಲಕ ಯಾರೋ ಗುಂಡು ಹಾರಿಸಿದರು. ಆಗ ಯಾರೂ ಮನೆಯಲ್ಲಿರಲಿಲ್ಲವಾದ್ದರಿಂದ ಅನಾಹುತ ತಪ್ಪಿತು. ಆ ವರ್ಷದ ಪಾಠ ಮುಗಿಸಿಕೊಂಡು 1987ರಲ್ಲಿ ತಾಯಿ ಮಗನನ್ನೂ ಮಗಳನ್ನೂ ಕರೆದುಕೊಂಡು ಸಿಸೆರೊ ಎಂಬ ಚಿಕ್ಕ ಊರಿಗೆ ಹೋಗಿ ನೆಲೆಸಿದರು.

ಈ ಕಥೆಯ ಎರಡನೆಯ ಭಾಗ ಶುರುವಾಗುವುದು ಇಲ್ಲಿಂದ. ಶಿಕ್ಷಕನಾದ ನನಗೆ ಬಹಳ ಮುಖ್ಯವೆನಿಸುವ ಭಾಗವೂ ಇದೇ. ಅದೇ ರಾಜ್ಯ, ಅದೇ ಬಗೆಯ ಜನ, ಅದೇ ಹುಡುಗ, ಅದೇ ಕಾಯಿಲೆ. ಸಿಸೆರೊ ಸಮೀಪದ ಆರ್ಕೇಡಿಯಾದ ಹ್ಯಾಮಿಲ್ಟನ್ ಹೈಟ್ಸ್ ಹೈಸ್ಕೂಲಿನವರು ಅವನು ಬರುವ ಮೊದಲೇ ಸಿದ್ಧತೆ ಮಾಡಿಕೊಂಡರು. ಪ್ರಾಂಶುಪಾಲರು ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡರು. ತಜ್ಞರನ್ನು ಕರೆಸಿ ಮಕ್ಕಳ ಜೊತೆ ಮಾತನಾಡಿಸಿದರು. ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ಮಕ್ಕಳು ಕಲಿತು ಮನೆಗೆ ಹೋಗಿ ತಂದೆತಾಯಿಗೆ ಹೇಳಿದರು. ಹೊಸ ಮನೆಯ ನೆರೆಯವಳೇ ಆದ ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಮುಂದೆ ನಿಂತು ಅವನ ಪರಿಚಯ ಮಾಡಿಕೊಂಡಳು. 1987ರ ಆಗಸ್ಟ್ 31ರಂದು ರಯಾನ್ ಶಾಲೆಗೆ ಬಂದಾಗ ಶಾಲೆಯ ಹಿರಿಯರೂ ಕೆಲವು ವಿದ್ಯಾರ್ಥಿಗಳೂ ಕೈ ಕುಲುಕಿ ಸ್ವಾಗತಿಸಿದರು. ಅಲ್ಲಿ ಅವನಿಗೆ ಗೆಳೆಯರಾದರು. ಒಳ್ಳೆಯ ಅಂಕ ತೆಗೆದು ಪ್ರತಿಭಾವಂತರ ಪಟ್ಟಿ ಸೇರಿದ, ಕಾರು ಓಡಿಸುವ ಪರವಾನಗಿ ಪಡೆದ, ಬೇಸಿಗೆ ರಜೆಯಲ್ಲಿ ಅಂಗಡಿಯೊಂದರಲ್ಲಿ ಕೆಲಸ ಮಾಡಿದ. ಅವನು ಆಸೆಪಟ್ಟಿದ್ದ ಸಾಧಾರಣ ಬದುಕು ಅವನಿಗೆ ದಕ್ಕಿತು.

1988ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರು ಏಡ್ಸ್ ಕುರಿತು ನೇಮಿಸಿದ್ದ ಆಯೋಗದ ಮುಂದೆ 16ರ ರಯಾನ್ ಹಾಜರಾದ. ಯಾರನ್ನೂ ಬೈಯದೆ, ಒಂದು ಶಾಲೆಯಲ್ಲಿ ಏನಾಯಿತು, ಇನ್ನೊಂದು ಶಾಲೆಯಲ್ಲಿ ಏನಾಯಿತು ಎಂಬುದನ್ನು ಹೇಳಿ, ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ತಿಳಿವಳಿಕೆ ಎಂದು ವಿವರಿಸಿದ. 1989ರ ಜನವರಿಯಲ್ಲಿ ಅವನ ಬದುಕನ್ನು ಕುರಿತ ಚಲನಚಿತ್ರ ದೂರದರ್ಶನದಲ್ಲಿ ಪ್ರಸಾರವಾಯಿತು. ಗಾಯಕರಾದ ಎಲ್ಟನ್ ಜಾನ್ ಮತ್ತು ಮೈಕಲ್ ಜಾಕ್ಸನ್ ಅವನ ಸ್ನೇಹಿತರಾದರು.

ಅವನ ಗುಣಗಳಲ್ಲಿ ನನಗೆ ದೊಡ್ಡದೆನಿಸುವುದು ಇನ್ನೊಂದು. ರಕ್ತದಿಂದ ಕಾಯಿಲೆ ಬಂದ ಮುಗ್ಧ ಹುಡುಗ ಎಂದು ಪತ್ರಿಕೆಗಳು ಅವನ ಮೇಲೆ ಮರುಕ ತೋರುತ್ತಿದ್ದವು. ಹಾಗೆ ಹೇಳುವಾಗ, ಉಳಿದ ರೋಗಿಗಳು ತಪ್ಪಿತಸ್ಥರು ಎಂಬ ಅರ್ಥವೂ ಅದರ ಜೊತೆಗೆ ಬರುತ್ತದೆ. ರಯಾನ್ ಆ ವಿಂಗಡಣೆಯನ್ನು ಒಪ್ಪಲಿಲ್ಲ. ಹೇಗೆ ಬಂದರೂ ಕಾಯಿಲೆ ಕಾಯಿಲೆಯೇ, ತಾನೂ ಉಳಿದ ರೋಗಿಗಳಂತೆಯೇ ಒಬ್ಬ ಎಂಬುದು ಅವನ ನಿಲುವಾಗಿತ್ತು ಎಂದು ತಾಯಿ ಮುಂದೆ ತಿಳಿಸಿದ್ದಾರೆ.

1990ರ ಮಾರ್ಚ್ 29ರಂದು ಉಸಿರಾಟದ ತೊಂದರೆಯಿಂದ ಇಂಡಿಯಾನಾಪೊಲಿಸ್‌ನ ಮಕ್ಕಳ ಆಸ್ಪತ್ರೆ ಸೇರಿದ ರಯಾನ್ ಏಪ್ರಿಲ್ 8ರಂದು ತೀರಿಕೊಂಡ. ಹೈಸ್ಕೂಲು ಮುಗಿಯಲು ಕೆಲವೇ ವಾರಗಳಿದ್ದವು. ಆರು ತಿಂಗಳೆಂದು ಹೇಳಿದ್ದ ಹುಡುಗ ಐದು ವರ್ಷಕ್ಕೂ ಹೆಚ್ಚು ಬದುಕಿದ್ದ. ಅಂತ್ಯಕ್ರಿಯೆಗೆ 1500ಕ್ಕೂ ಹೆಚ್ಚು ಜನ ಸೇರಿದರು. ಅಧ್ಯಕ್ಷರ ಪತ್ನಿ ಬಾರ್ಬರಾ ಬುಷ್ ಕೂಡ ಬಂದಿದ್ದರು. ಅದೇ ವರ್ಷ ಆಗಸ್ಟ್ 18ರಂದು ಅಧ್ಯಕ್ಷ ಜಾರ್ಜ್ ಬುಷ್ ಅವನ ಹೆಸರಿನ ಕಾಯಿದೆಗೆ ಸಹಿ ಹಾಕಿದರು. ಹಣವಿಲ್ಲದ, ವಿಮೆಯಿಲ್ಲದ ಎಚ್‌ಐವಿ ಪೀಡಿತರಿಗೆ ಚಿಕಿತ್ಸೆ ಒದಗಿಸುವ ಆ ಯೋಜನೆ ಇಂದಿಗೂ ನಡೆಯುತ್ತಿದ್ದು, ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಜನರಿಗೆ ನೆರವಾಗುತ್ತಿದೆ.

ರಯಾನನ ಕಥೆ ಒಂದೇ ದೇಶದ್ದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟುವಾಗಲೇ ಸೋಂಕು ಪಡೆದಿದ್ದ ನ್ಕೋಸಿ ಜಾನ್ಸನ್ ಎಂಬ ಪುಟ್ಟ ಹುಡುಗನ ಶಾಲಾ ಪ್ರವೇಶಕ್ಕೂ 1997ರಲ್ಲಿ ಇದೇ ಬಗೆಯ ವಿರೋಧ ಬಂತು. ಅವನು 2000ರಲ್ಲಿ ಡರ್ಬನ್ ನಗರದ ಅಂತಾರಾಷ್ಟ್ರೀಯ ಏಡ್ಸ್ ಸಮ್ಮೇಳನದಲ್ಲಿ ಮಾತನಾಡಿದ, ಮರುವರ್ಷ 12ನೆಯ ವಯಸ್ಸಿನಲ್ಲಿ ತೀರಿಕೊಂಡ. ವಿಶ್ವ ಆರೋಗ್ಯ ಸಂಸ್ಥೆಯ ಏಡ್ಸ್ ಕಾರ್ಯಕ್ರಮದ ಮೊದಲ ಮುಖ್ಯಸ್ಥರಾಗಿದ್ದ ಡಾ. ಜೊನಾಥನ್ ಮಾನ್ 1980ರ ದಶಕದಲ್ಲೇ ಒಂದು ಮಾತನ್ನು ಮತ್ತೆ ಮತ್ತೆ ತಿಳಿಸಿದರು: ಸೋಂಕಿತರನ್ನು ದೂರವಿಟ್ಟರೆ ಜನ ಪರೀಕ್ಷೆಗೇ ಬರುವುದಿಲ್ಲ, ಬಾರದಿದ್ದರೆ ಸೋಂಕು ಗುಟ್ಟಾಗಿ ಹರಡುತ್ತದೆ. ಅಂದರೆ ಸೋಂಕಿತರ ಗೌರವ ಕಾಪಾಡುವುದು ಉಳಿದವರ ಆರೋಗ್ಯ ಕಾಪಾಡುವ ದಾರಿಯೂ ಹೌದು.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರ ಪರಿಶ್ರಮದಿಂದ. ಕರ್ನಾಟಕವೂ ಹೆಚ್ಚು ಸೋಂಕು ಕಂಡ ರಾಜ್ಯಗಳಲ್ಲಿ ಒಂದಾಗಿತ್ತು; ಬಾಗಲಕೋಟೆ, ಬೆಳಗಾವಿಯಂಥ ಜಿಲ್ಲೆಗಳು ಬಹಳ ನೋವು ಉಂಡವು.

ನಾನು ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ ತಂದೆತಾಯಿ ಇಬ್ಬರನ್ನೂ ಇದೇ ಕಾಯಿಲೆಯಿಂದ ಕಳೆದುಕೊಂಡು ಅಜ್ಜಿಯ ಬಳಿ ಬೆಳೆಯುತ್ತಿದ್ದ ಇಬ್ಬರು ಮಕ್ಕಳಿದ್ದರು. ಊರಿನ ಹೆಸರನ್ನಾಗಲಿ ಮಕ್ಕಳ ಹೆಸರನ್ನಾಗಲಿ ಬರೆಯುವುದಿಲ್ಲ. ಸುದ್ದಿ ಹೇಗೋ ಹರಡಿ, ಬಿಸಿಯೂಟದ ಸಾಲಿನಲ್ಲಿ ಅವರನ್ನು ಕೂರಿಸಬಾರದೆಂದು ಕೆಲವು ಪೋಷಕರು ಬಂದು ನಿಂತರು. ಮುಖ್ಯೋಪಾಧ್ಯಾಯರು ಜಗಳಕ್ಕೆ ಹೋಗಲಿಲ್ಲ. ಪೋಷಕರ ಸಭೆ ಕರೆದು, ತಾಲ್ಲೂಕು ಆಸ್ಪತ್ರೆಯ ಆಪ್ತಸಮಾಲೋಚಕರನ್ನು ಕರೆಸಿದರು. ಮಕ್ಕಳ ಹೆಸರೆತ್ತದೆ, ಎಲ್ಲರ ಪ್ರಶ್ನೆಗಳಿಗೂ ಉತ್ತರ ಕೊಡಿಸಿದರು. ಆಮೇಲೆ ತಾವೇ ಹೋಗಿ ಆ ಮಕ್ಕಳ ಪಕ್ಕದಲ್ಲಿ ಕುಳಿತು ಊಟ ಮಾಡಿದರು; ನಾವು ಶಿಕ್ಷಕರೂ ಕುಳಿತೆವು. ಒಂದೆರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಉಳಿದವರು ಸುಮ್ಮನಾದರು. ದೊಡ್ಡವಳು ಅದೇ ಶಾಲೆಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದಳು. ಆ ಮುಖ್ಯೋಪಾಧ್ಯಾಯರಿಗೆ ರಯಾನ್ ವೈಟ್ ಯಾರೆಂದು ಗೊತ್ತಿತ್ತೋ ಇಲ್ಲವೋ, ಅವರು ಮಾಡಿದ್ದು ಹ್ಯಾಮಿಲ್ಟನ್ ಹೈಟ್ಸ್ ಶಾಲೆ ಮಾಡಿದ್ದನ್ನೇ.

ಆ ಸಭೆಯಲ್ಲಿ ಕೇಳಿಬಂದ ಪ್ರಶ್ನೆಗಳನ್ನೇ ನನ್ನ ತರಗತಿಯ ಮಕ್ಕಳೂ ಪ್ರತಿವರ್ಷ ಕೇಳುತ್ತಿದ್ದರು. ಆದ್ದರಿಂದ ಒಮ್ಮೆ ಇಲ್ಲಿಯೂ ಬರೆದಿಡುತ್ತೇನೆ. ಜೊತೆಯಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಶೌಚಾಲಯ ಬಳಸಿದರೆ, ಕೈ ಕುಲುಕಿದರೆ, ಕೆಮ್ಮಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಸೋಂಕಿತರೊಡನೆ ಸುರಕ್ಷತೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವುದು, ಹೆರಿಗೆ ಮತ್ತು ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ: ಇವೇ ಅದರ ದಾರಿಗಳು. ಚಿಕಿತ್ಸೆ ಇಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಗರ್ಭಿಣಿಗೆ ಸಕಾಲದಲ್ಲಿ ಪರೀಕ್ಷೆ, ಚಿಕಿತ್ಸೆ ಸಿಕ್ಕರೆ ಅದನ್ನು 5ಕ್ಕಿಂತ ಕೆಳಗೆ ಇಳಿಸಬಹುದು.

ರಯಾನನ ಕಾಲದಲ್ಲಿ ಇಲ್ಲದಿದ್ದ ಔಷಧಗಳು ಈಗ ಇವೆ. ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ 1996ರಲ್ಲಿ ಬಂದ ಮೇಲೆ ಎಚ್‌ಐವಿ ಎಂದರೆ ಸಾವು ಎಂಬ ಮಾತು ಸುಳ್ಳಾಯಿತು. ಭಾರತ ಸರ್ಕಾರ 2004ರ ಏಪ್ರಿಲ್ 1ರಿಂದ ಎಆರ್‌ಟಿ ಕೇಂದ್ರಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಅವರಿಂದ ಲೈಂಗಿಕ ಸಂಪರ್ಕದಲ್ಲಿಯೂ ಸೋಂಕು ಹರಡುವುದಿಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ 2004ರಲ್ಲಿ ಜಗತ್ತಿನಲ್ಲಿ ಸುಮಾರು 21 ಲಕ್ಷ ಜನ ಈ ಕಾಯಿಲೆಯಿಂದ ಸತ್ತರು. 2023ರಲ್ಲಿ ಆ ಸಂಖ್ಯೆ ಸುಮಾರು 6 ಲಕ್ಷ 30 ಸಾವಿರಕ್ಕೆ ಇಳಿಯಿತು. ಆದರೂ ಅದೇ ವರ್ಷ ಸುಮಾರು 13 ಲಕ್ಷ ಜನರಿಗೆ ಹೊಸದಾಗಿ ಸೋಂಕು ತಗಲಿತು. ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಕೆಲಸ ಮುಗಿದಿಲ್ಲ.

ಕಾನೂನೂ ಈಗ ಅಂಥವರ ಪರವಾಗಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ, ಸೋಂಕಿನ ಕಾರಣಕ್ಕೆ ಶಾಲೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡುವಂತಿಲ್ಲ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಮಾಹಿತಿ ಬೇಕಾದವರು 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಉಚಿತವಾಗಿ, ಗುಟ್ಟಾಗಿ ಆಗುತ್ತದೆ.

ಆದರೆ ತರಗತಿಯೊಳಗೆ ಮಗು ಎಲ್ಲಿ ಕೂರಬೇಕು, ಅದರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನು ತೀರ್ಮಾನಿಸುವವರು ದೆಹಲಿಯಲ್ಲಿಲ್ಲ. ಅದನ್ನು ತೀರ್ಮಾನಿಸುವುದು ಆ ಶಾಲೆಯ ಶಿಕ್ಷಕರು, ಆ ಊರಿನ ಪೋಷಕರು, ಆ ಬೆಂಚಿನ ಮಕ್ಕಳು. ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಗೆ ಎಲ್ಲ ಕೇರಿಗಳಿಂದ, ಸುತ್ತಲ ಹಳ್ಳಿಗಳಿಂದ ಮಕ್ಕಳು ನಡೆದು ಬಂದಿದ್ದಾರೆ, ಒಂದೇ ಸಾಲಿನಲ್ಲಿ ಕೂತು ಉಂಡಿದ್ದಾರೆ. ಮುಂದಿನ ಐವತ್ತು ವರ್ಷಗಳಲ್ಲಿ ಯಾವುದೇ ಹೊಸ ಕಾಯಿಲೆ ಬಂದರೂ, ಯಾವುದೇ ಮಗು ಬಂದು ನಿಂತರೂ ಈ ಶಾಲೆಯ ಬಾಗಿಲು ತೆರೆದೇ ಇರಲಿ ಎಂದು ಹಾರೈಸುತ್ತೇನೆ. ಈಗಿನ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ: ಪ್ರತಿವರ್ಷ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ಪ್ರಾರ್ಥನೆಯ ನಂತರ ಐದು ನಿಮಿಷ ಮಾಡಿಕೊಂಡು ಮಕ್ಕಳಿಗೆ ಈ ಹುಡುಗನ ಕಥೆ ಹೇಳಿ. ಐದು ದಿನ ಕಳೆದರೆ ಅವನ ಹುಟ್ಟುಹಬ್ಬವೂ ಬರುತ್ತದೆ.